ಹೊಲ ನೋಡಿ ಮೋಟಾರ್ ಆರಿಸಿ: ಹೈ ಪವರ್ ಹವ್ಯಾಸಿ ರಾಕೆಟ್ ಹಾರಿಸುವವರಿಗೆ ಕೈಪಿಡಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಹೈ ಪವರ್ ರಾಕೆಟ್‌ಗೆ ಅಕ್ಷರಶಃ ಹೊಂದುತ್ತದೆ. ಇಲ್ಲಿ ಹಾಸಿಗೆ ಎಂದರೆ ಹೊಲ. ಕೈಯಲ್ಲಿ ಎಂಥ ಮೋಟಾರ್ ಇದೆ ಎಂದು ನೋಡಿ ಎತ್ತರ ನಿರ್ಧರಿಸಿದವರ ರಾಕೆಟ್ ಪಕ್ಕದೂರಿನ ಕಬ್ಬಿನ ಗದ್ದೆಯಲ್ಲಿ ಬೀಳುತ್ತದೆ. ಹೊಲದ ಅಗಲ, ಆ ಹೊತ್ತಿನ ಗಾಳಿ, ಸುತ್ತಲಿನ ಬೆಳೆ ಇವನ್ನು ನೋಡಿ ಎತ್ತರ ಗೊತ್ತುಮಾಡಿ, ಅದಕ್ಕೆ ತಕ್ಕ ಮೋಟಾರ್ ಆರಿಸಿದರೆ ರಾಕೆಟ್ ಮನೆಗೆ ವಾಪಸ್ ಬರುತ್ತದೆ. ಮಂಡ್ಯ, ಮೈಸೂರು ಕಡೆ ಕ್ಲಬ್ಬಿನ ಉಡಾವಣಾ ದಿನಕ್ಕೆ ಸಿದ್ಧವಾಗುವವರಿಗಾಗಿ ಆ ಲೆಕ್ಕಗಳು ಮತ್ತು ಕೆಲಸದ ಕ್ರಮ ಇಲ್ಲಿವೆ. ದೂರ, ತೂಕ, ಗಾಳಿಯ ಮಿತಿಗಳು ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ಹೈ ಪವರ್ ಸುರಕ್ಷತಾ ನಿಯಮಗಳವು. ಅಡಿಯ ಲೆಕ್ಕವನ್ನು ಮೀಟರಿಗೆ ಇಳಿಸಿ ಕೊಟ್ಟಿದ್ದೇವೆ.

ಮೊದಲು ಕಾಗದಪತ್ರ

ಹೈ ಪವರ್ ಮೋಟಾರಿನೊಳಗಿನ ಇಂಧನ ಪಟಾಕಿ ಅಂಗಡಿಯ ಸರಕಲ್ಲ. ಸ್ಫೋಟಕಗಳ ತಯಾರಿಕೆ, ಸಂಗ್ರಹ, ಸಾಗಣೆ, ಆಮದು ಎಲ್ಲಕ್ಕೂ 1884ರ ಸ್ಫೋಟಕ ಕಾಯಿದೆ ಮತ್ತು 2008ರ ಸ್ಫೋಟಕ ನಿಯಮಗಳ ಅಡಿ ಪರವಾನಗಿ ಬೇಕು. ಅದನ್ನು ನೋಡಿಕೊಳ್ಳುವ ಪೆಸೊ ಸಂಸ್ಥೆಯ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಮನೆಯಲ್ಲಿ ಇಂಧನ ಕಲಸುವ ಯೋಚನೆಯನ್ನು ಇಲ್ಲಿಗೇ ಬಿಡಿ. ಪರವಾನಗಿ ಇರುವ ಸಂಸ್ಥೆಯ ಮೂಲಕ ಬಂದ, ಪರೀಕ್ಷೆಯಾಗಿ ಪ್ರಮಾಣಪತ್ರ ಪಡೆದ ಮೋಟಾರ್ ಮಾತ್ರ ಪ್ಯಾಡ್ (ಉಡಾವಣಾ ಕಟ್ಟೆ) ಏರಬೇಕು. ಜಿಲ್ಲಾಡಳಿತ ಮತ್ತು ಪೊಲೀಸರ ಲಿಖಿತ ಅನುಮತಿ, ವಾಯುಯಾನ ಅಧಿಕಾರಿಗಳ ಒಪ್ಪಿಗೆ, ಜಮೀನಿನ ಯಜಮಾನರ ಸಹಿ ಇವು ಮೂರೂ ಕೈಸೇರುವ ತನಕ ದಿನಾಂಕ ಘೋಷಿಸಬೇಡಿ. ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣವಿದೆ. ಮೈಸೂರಿನ ದಕ್ಷಿಣದ ಬಯಲು ಎಷ್ಟೇ ಚೆನ್ನಾಗಿ ಕಂಡರೂ ಆ ಕಡೆ ಹೊಲ ಹುಡುಕಬೇಡಿ.

ಹೊಲ, ಬೆಳೆ, ಗಾಳಿ

ನಿಯಮದ ಪ್ರಕಾರ ಹೈ ಪವರ್ ರಾಕೆಟ್ ಹಾರಿಸುವ ಜಾಗದ ಅತಿ ಕಿರಿದಾದ ಬದಿ, ಆ ದಿನ ಅನುಮತಿಸಿದ ಗರಿಷ್ಠ ಎತ್ತರದ ಅರ್ಧ ಅಥವಾ 457 ಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟಿರಬೇಕು. 457 ಮೀಟರಿನ ಚೌಕವೆಂದರೆ ಸುಮಾರು 52 ಎಕರೆ. ಜೊತೆಗೆ ಜನವಸತಿಯ ಮನೆ ಮತ್ತು ಗಂಟೆಗೆ ಹತ್ತಕ್ಕಿಂತ ಹೆಚ್ಚು ಗಾಡಿ ಓಡಾಡುವ ರಸ್ತೆ ಪ್ಯಾಡಿನಿಂದ ಕನಿಷ್ಠ 457 ಮೀಟರ್ ದೂರ ಇರಬೇಕು. ನಮ್ಮ ಕಡೆ ಒಬ್ಬ ರೈತರ ಹೆಸರಲ್ಲಿ ಇಷ್ಟು ಜಾಗ ಸಿಗುವುದಿಲ್ಲ. ಅಕ್ಕಪಕ್ಕದ ಹತ್ತಾರು ಹಿಡುವಳಿದಾರರನ್ನು ಕಂಡು ಮಾತಾಡಬೇಕು. ಬೆಳೆ ತುಳಿದರೆ ಎಷ್ಟು ಕೊಡುತ್ತೀರಿ ಎಂಬುದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆ ಕಬ್ಬು ವರ್ಷವಿಡೀ ನಿಂತಿರುತ್ತದೆ. ಆಳೆತ್ತರದ ಕಬ್ಬಿನಲ್ಲಿ ಬಿದ್ದ ರಾಕೆಟ್ ಹತ್ತಡಿ ದೂರದಲ್ಲಿದ್ದರೂ ಕಾಣುವುದಿಲ್ಲ. ಒಣ ಸೋಗೆಗೆ ಕಿಡಿ ತಗುಲಿದರೆ ರೈತರ ವರ್ಷದ ದುಡಿಮೆ ಹೋಗುತ್ತದೆ. ಆದ್ದರಿಂದ ನೀರಾವರಿ ಪ್ರದೇಶ ಬಿಟ್ಟು ನಾಗಮಂಗಲ, ಮಳವಳ್ಳಿ ಕಡೆಯ ಖುಷ್ಕಿ ಜಮೀನು ನೋಡಿ. ರಾಗಿ, ಹುರುಳಿ ಕೊಯ್ಲಾಗಿ ಹೊಲ ಬರಿದಾದ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಅದೇ ಹೊತ್ತಿಗೆ ಹಕ್ಕಿಗಳು ಗೂಡು ಕಟ್ಟಿರುತ್ತವೆ. ಅದರ ಸುತ್ತಮುತ್ತ, ರಂಗನತಿಟ್ಟಿನ ಬಳಿ, ಕೆಆರ್‌ಎಸ್ ಅಣೆಕಟ್ಟಿನ ಆಸುಪಾಸು ಬೇಡವೇ ಬೇಡ. ಆಷಾಢದ ಗಾಳಿ ಬೀಸುವ ತಿಂಗಳುಗಳಲ್ಲಿ ರಾಕೆಟ್ ಕಟ್ಟುವ ಕೆಲಸ ಇಟ್ಟುಕೊಳ್ಳಿ, ಹಾರಿಸುವುದನ್ನಲ್ಲ.

ಗಾಳಿ ಗಂಟೆಗೆ 32 ಕಿ.ಮೀ. ದಾಟಿದರೆ ಹಾರಿಸಬಾರದು ಎಂಬುದು ನಿಯಮ. ಅದು ಮೇಲಿನ ಮಿತಿಯಷ್ಟೇ. ಚಿಕ್ಕ ಹೊಲಕ್ಕೆ ಅದರ ಅರ್ಧವೂ ಜಾಸ್ತಿ. ಬೆಳಗ್ಗೆ ಏಳರಿಂದ ಹತ್ತೂವರೆವರೆಗೆ ಗಾಳಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ನೆಲ ಕಾದ ಮೇಲೆ ಬಿಸಿಗಾಳಿ ಏಳುತ್ತದೆ, ದಿಕ್ಕು ಬದಲಾಗುತ್ತದೆ, ಪ್ಯಾರಾಶೂಟ್ ಕೆಳಗಿಳಿಯುವ ಬದಲು ತೇಲುತ್ತ ಹೋಗುತ್ತದೆ.

ಮೋಟಾರಿನ ಅಕ್ಷರ, ರೈಲ್ ಬಿಡುವ ವೇಗ

ಮೋಟಾರಿನ ಮೇಲಿನ ಅಕ್ಷರ ಅದರ ಒಟ್ಟು ಇಂಪಲ್ಸಿನ ವರ್ಗ, ಎಂದರೆ ಸರಾಸರಿ ತಳ್ಳುಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು. ಒಂದೊಂದು ಅಕ್ಷರಕ್ಕೂ ಮಿತಿ ಇಮ್ಮಡಿ. ಜಿ ವರ್ಗ 160 ನ್ಯೂಟನ್-ಸೆಕೆಂಡಿಗೆ ಮುಗಿಯುತ್ತದೆ, ಎಚ್ 320ಕ್ಕೆ, ಐ 640ಕ್ಕೆ, ಜೆ 1280ಕ್ಕೆ. ಎಚ್‌ನಿಂದ ಮೇಲಿನದೆಲ್ಲ ಹೈ ಪವರ್. ಅಕ್ಷರದ ಪಕ್ಕದ ಸಂಖ್ಯೆ ಸರಾಸರಿ ತಳ್ಳುಬಲ, ನ್ಯೂಟನ್‌ನಲ್ಲಿ. ಕೊನೆಯ ಸಂಖ್ಯೆ, ಇಂಧನ ಉರಿದು ಮುಗಿದ ಎಷ್ಟು ಸೆಕೆಂಡಿಗೆ ಪ್ಯಾರಾಶೂಟ್ ಹೊರದಬ್ಬುತ್ತದೆ ಎಂಬುದು, ಅಂದರೆ ತಡ. ಆ ಅಸೋಸಿಯೇಷನ್ನಿನ ಮೊದಲ ಹಂತದ ಪ್ರಮಾಣಪತ್ರ ಇರುವವರು ಎಚ್, ಐ ಹಾರಿಸಬಹುದು. ಜೆ, ಕೆ, ಎಲ್‌ಗೆ ಎರಡನೆಯ ಹಂತ. ಎಂ ಮತ್ತು ಮೇಲಿನದಕ್ಕೆ ಮೂರನೆಯದು.

ಹೊಸಬರು ಅಕ್ಷರವನ್ನೇ ನೋಡುತ್ತಾರೆ. ನೋಡಬೇಕಾದದ್ದು ನಡುವಿನ ಸಂಖ್ಯೆ. ರಾಕೆಟ್ಟಿನ ತೂಕ ಸರಾಸರಿ ತಳ್ಳುಬಲದ ಮೂರನೆಯ ಒಂದು ಭಾಗವನ್ನು ಮೀರಬಾರದು ಎನ್ನುತ್ತದೆ ನಿಯಮ. ರೂಢಿಯಲ್ಲಿ ಐದನೆಯ ಒಂದು ಭಾಗದೊಳಗೆ ಇಡುವುದು ಕ್ಷೇಮ. 2 ಕೆ.ಜಿ. ರಾಕೆಟ್, 130 ನ್ಯೂಟನ್ ಮೋಟಾರ್ ಎಂದಿಟ್ಟುಕೊಳ್ಳಿ. ತೂಕದ ಆರೂವರೆ ಪಟ್ಟು ಬಲ ಇದೆ, ಸರಿ. ಗುರುತ್ವ ಕಳೆದರೆ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 55 ಮೀಟರ್. ಅದು ರೈಲ್ ಮೇಲೆ, ಎಂದರೆ ಹೊರಡುವಾಗ ರಾಕೆಟ್ಟನ್ನು ನೆಟ್ಟಗೆ ಹಿಡಿಯುವ ಕಂಬದ ಮೇಲೆ, 1.5 ಮೀಟರ್ ಜಾರಿದರೆ ಬಿಡುವ ವೇಗ ಸೆಕೆಂಡಿಗೆ 12.9 ಮೀಟರ್, 2 ಮೀಟರ್ ಜಾರಿದರೆ 14.9, 2.4 ಮೀಟರ್ ಜಾರಿದರೆ 16.3. ರೆಕ್ಕೆಗಳು ರಾಕೆಟ್ಟನ್ನು ನೆಟ್ಟಗೆ ಹಿಡಿಯಲು ಸೆಕೆಂಡಿಗೆ ಸುಮಾರು 15 ಮೀಟರ್ ಬೇಕು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ರೈಲ್ 2.4 ಮೀಟರ್ ಉದ್ದವಿದೆ ಎಂದ ಮಾತ್ರಕ್ಕೆ ರಾಕೆಟ್ಟಿಗೆ 2.4 ಮೀಟರ್ ಆಸರೆ ಸಿಗುವುದಿಲ್ಲ. ರಾಕೆಟ್ಟನ್ನು ರೈಲಿಗೆ ಸಿಕ್ಕಿಸುವ ಬಟನ್‌ಗಳಲ್ಲಿ ಮೇಲಿನದು ಕಳಚಿಕೊಂಡ ಕ್ಷಣದಿಂದ ರಾಕೆಟ್ ಕೆಳಗಿನ ಒಂದೇ ಬಟನ್ ಮೇಲೆ ವಾಲಬಲ್ಲದು. ಮೇಲಿನ ಬಟನ್ ರೈಲಿನ ಬುಡದಿಂದ 90 ಸೆಂ.ಮೀ. ಎತ್ತರದಲ್ಲಿದ್ದರೆ ನಿಜವಾದ ಆಸರೆ 1.5 ಮೀಟರ್ ಮಾತ್ರ. ಬಟನ್ನನ್ನು ರಾಕೆಟ್ಟಿನ ಗುರುತ್ವ ಕೇಂದ್ರದ ಹತ್ತಿರ, ಅದಕ್ಕಿಂತ ಮೇಲಲ್ಲದ ಹಾಗೆ ಕೂರಿಸಿ. ಇಲ್ಲವೇ ಉದ್ದನೆಯ ರೈಲ್ ತನ್ನಿ. ಇಲ್ಲವೇ ಹೆಚ್ಚು ತಳ್ಳುಬಲದ ಮೋಟಾರ್ ಹಾಕಿ.

ಗಾಳಿಯ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಸೆಕೆಂಡಿಗೆ 15 ಮೀಟರಿನಲ್ಲಿ ರೈಲ್ ಬಿಟ್ಟ ರಾಕೆಟ್ಟಿಗೆ 3 ಮೀಟರ್ ವೇಗದ ಅಡ್ಡಗಾಳಿ ಸುಮಾರು 11 ಡಿಗ್ರಿ ಓರೆಯಾಗಿ ತಾಗುತ್ತದೆ; 5 ಮೀಟರ್ ಗಾಳಿಯಾದರೆ 18 ಡಿಗ್ರಿ. ರಾಕೆಟ್ ಗಾಳಿ ಬರುವ ಕಡೆಗೆ ಮೂತಿ ತಿರುಗಿಸುತ್ತದೆ, ಎತ್ತರ ಕಳೆದುಕೊಳ್ಳುತ್ತದೆ, ತುದಿಯಲ್ಲಿ ನಿಲ್ಲದೆ ಅಡ್ಡಲಾಗಿ ಓಡುತ್ತಿರುವಾಗಲೇ ಪ್ಯಾರಾಶೂಟ್ ಬಿಚ್ಚುತ್ತದೆ. ರೈಲನ್ನು ಬೇಕಾದರೆ ಕೆಲವು ಡಿಗ್ರಿ ವಾಲಿಸಿ, ಆದರೆ ಲಂಬದಿಂದ 20 ಡಿಗ್ರಿ ದಾಟಿಸುವಂತಿಲ್ಲ. ಜನ ನಿಂತ ಕಡೆಗಂತೂ ಯಾವತ್ತೂ ಇಲ್ಲ.

ಸ್ಥಿರತೆಗೆ ಸಿಜಿ (ಗುರುತ್ವ ಕೇಂದ್ರ), ಸಿಪಿ (ಗಾಳಿಯ ಬಲವೆಲ್ಲ ಒಟ್ಟಾಗಿ ತಾಗುವ ಬಿಂದು) ಎರಡನ್ನೂ ಓಪನ್‌ರಾಕೆಟ್ ತಂತ್ರಾಂಶದಲ್ಲಿ ತೆಗೆಯಬಹುದು, ಅದು ಉಚಿತ. ಆದರೆ ಸಿಜಿಯನ್ನು ತಂತ್ರಾಂಶದ ಮೇಲೆ ಬಿಡಬೇಡಿ. ಇಂಧನ ತುಂಬಿದ ಮೋಟಾರ್, ಮಡಚಿದ ಪ್ಯಾರಾಶೂಟ್, ಬ್ಯಾಟರಿ ಎಲ್ಲ ಹಾಕಿ ರಾಕೆಟ್ಟನ್ನು ದಾರದಲ್ಲಿ ತೂಗುಹಾಕಿ, ಸಮತೂಕ ನಿಂತ ಜಾಗಕ್ಕೆ ಟೇಪ್ ಅಂಟಿಸಿ. ಸಿಪಿ ಅದಕ್ಕಿಂತ ಹಿಂದೆ, ಟ್ಯೂಬಿನ ವ್ಯಾಸದ ಒಂದರಿಂದ ಎರಡು ಪಟ್ಟು ದೂರದಲ್ಲಿರಬೇಕು. 66 ಮಿ.ಮೀ. ಟ್ಯೂಬಿಗೆ ಅದು 66ರಿಂದ 132 ಮಿ.ಮೀ. ಕಡಿಮೆಯಾದರೆ ಮೂತಿಗೆ ಭಾರ ಸೇರಿಸಿ. ಮೂರು ಪಟ್ಟು ದಾಟಿದರೆ ಸಣ್ಣ ಗಾಳಿಗೂ ತಿರುಗುವ ರೋಗ ಹತ್ತುತ್ತದೆ.

ಶ್ರೀರಂಗಪಟ್ಟಣದ ನೆಲದಲ್ಲಿ ನಿಂತು ಈ ವಿಷಯ ಬರೆಯುವಾಗ ಒಂದು ಮಾತು ಹೇಳಲೇಬೇಕು. 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರಿನ ಸೇನೆ ಹಾರಿಸಿದ ರಾಕೆಟ್‌ಗಳಿಗೆ ಉದ್ದನೆಯ ಬಿದಿರು ಕಟ್ಟುತ್ತಿದ್ದುದೂ ಇದೇ ಸ್ಥಿರತೆಗಾಗಿಯೇ. ಕಬ್ಬಿಣದ ಕೊಳವೆ ಒಳಗಿನ ಒತ್ತಡ ತಡೆದು ದೂರ ಹಾರಲು ನೆರವಾಯಿತು. ಹವ್ಯಾಸಿ ರಾಕೆಟ್ಟಿನ ನಿಯಮ ನೇರ ಉಲ್ಟಾ: ಮೈಯೆಲ್ಲ ಕಾಗದ, ಮರ, ಪ್ಲಾಸ್ಟಿಕ್, ಫೈಬರ್‌ಗ್ಲಾಸ್, ಲೋಹ ಅನಿವಾರ್ಯವಾದ ಕಡೆ ಮಾತ್ರ. ಯಾರದೋ ತಲೆಯ ಮೇಲೆ ಬಿದ್ದಾಗ ಪುಡಿಯಾಗಬೇಕಾದದ್ದು ರಾಕೆಟ್.

ರೆಕ್ಕೆಯನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಪ್ರಿಂಟ್ ಮಾಡಿದವರಿಗೆ ಎಚ್ಚರಿಕೆ: ಅದು 60 ಡಿಗ್ರಿ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಮಾರ್ಚ್ ಬಿಸಿಲಿನಲ್ಲಿ ಗಾಜು ಏರಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಆ ರೆಕ್ಕೆ ಬಾಗಬಹುದು, ಬೇಗ ಒಣಗುವ ಎಪಾಕ್ಸಿಯ ಬೆಸುಗೆಯೂ ಸಡಿಲಾಗಬಹುದು. ಬಿಳಿ ಬಟ್ಟೆ ಹೊದಿಸಿ ನೆರಳಿನಲ್ಲಿಡಿ.

ಇಳಿಯುವ ಲೆಕ್ಕ

ರಾಕೆಟ್ ಹಾಳಾಗುವುದು ಹತ್ತುವಾಗಲ್ಲ, ಇಳಿಯುವಾಗ. ನೆಲ ಮುಟ್ಟುವ ವೇಗ ಸೆಕೆಂಡಿಗೆ 5ರಿಂದ 6 ಮೀಟರ್ ಇರಲಿ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ. 30 ಡಿಗ್ರಿ ಸೆಕೆಯಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.07 ಕೆ.ಜಿ. ಸಮುದ್ರಮಟ್ಟದ 1.225ಕ್ಕೆ ಹೋಲಿಸಿದರೆ ಎಂಟನೆಯ ಒಂದು ಭಾಗ ಕಡಿಮೆ. ಪ್ಯಾರಾಶೂಟ್ ಪೊಟ್ಟಣದ ಮೇಲಿನ ಕೋಷ್ಟಕ ಸಮುದ್ರಮಟ್ಟದ್ದಾದರೆ ಒಂದು ಅಳತೆ ದೊಡ್ಡದು ಕೊಳ್ಳಿ. ಇಂಧನ ಉರಿದ ಮೇಲೆ 1.9 ಕೆ.ಜಿ. ಉಳಿಯುವ ರಾಕೆಟ್ಟಿಗೆ, ಚಪ್ಪಟೆ ಬಟ್ಟೆಯ ಪ್ಯಾರಾಶೂಟಾದರೆ, 6 ಮೀಟರ್ ವೇಗಕ್ಕೆ ಸುಮಾರು 1.28 ಮೀಟರ್ ವ್ಯಾಸ ಬೇಕು; 5 ಮೀಟರಿಗೆ 1.54.

ದೊಡ್ಡ ಪ್ಯಾರಾಶೂಟ್ ಹಾಕಿದಷ್ಟೂ ಮೆತ್ತಗೆ ಇಳಿಯುತ್ತದೆ, ಅಷ್ಟೇ ದೂರ ತೇಲುತ್ತದೆ. 300 ಮೀಟರ್ ಎತ್ತರದಿಂದ 6 ಮೀಟರ್ ವೇಗದಲ್ಲಿ ಇಳಿಯಲು 50 ಸೆಕೆಂಡ್. ಗಾಳಿ ಸೆಕೆಂಡಿಗೆ 4 ಮೀಟರ್ ಇದ್ದರೆ 200 ಮೀಟರ್ ದೂರ. 457 ಮೀಟರಿನ ಹೊಲದ ನಡುವಿನಿಂದ ಹಾರಿಸಿದರೆ ಗಡಿಯೊಳಗೇ ಬಿತ್ತು. ಅದೇ ಗಾಳಿಯಲ್ಲಿ 800 ಮೀಟರಿನಿಂದಾದರೆ 133 ಸೆಕೆಂಡ್, 530 ಮೀಟರಿಗೂ ಹೆಚ್ಚು. ಹೊಲ ದಾಟಿ ನಾಲೆಯೋ ಕಬ್ಬೋ. ಎರಡು ಹಂತದ ಪ್ಯಾರಾಶೂಟ್ ಬೇಕಾಗುವುದು ಇಂಥಲ್ಲಿ. ತುದಿಯಲ್ಲಿ ಚಿಕ್ಕದು ಬಿಚ್ಚಿ ಸೆಕೆಂಡಿಗೆ 20 ಮೀಟರಿನಲ್ಲಿ 150 ಮೀಟರ್ ತನಕ ಇಳಿಸಿ, ಅಲ್ಲಿ ದೊಡ್ಡದು ಬಿಚ್ಚಿದರೆ ಒಟ್ಟು ಸುಮಾರು 58 ಸೆಕೆಂಡ್, 230 ಮೀಟರ್.

ಮೋಟಾರಿನ ತಡದ ಮೇಲೆಯೇ ನಂಬಿಕೆ ಇಟ್ಟ ಒಂದೇ ಪ್ಯಾರಾಶೂಟಿನ ರಾಕೆಟ್ಟಿಗೆ ಆ ತಡ ಸರಿಯಾಗಿ ಕೂರಬೇಕು. ಮೇಲಿನ 2 ಕೆ.ಜಿ. ಉದಾಹರಣೆಯಲ್ಲಿ, ಚಿಕ್ಕ ಎಚ್ ಮೋಟಾರಾದರೆ, ಉರಿದು ಮುಗಿದ ಆರೂವರೆ ಸೆಕೆಂಡಿನ ಸುಮಾರಿಗೆ ತುದಿ ಮುಟ್ಟುತ್ತದೆ. ಹತ್ತು ಸೆಕೆಂಡಿನ ತಡವನ್ನು ಹಾಗೇ ಬಿಟ್ಟರೆ ರಾಕೆಟ್ ಮೂರು ಸೆಕೆಂಡಿಗೂ ಹೆಚ್ಚು ಕೆಳಮುಖವಾಗಿ ಬಿದ್ದು ಸೆಕೆಂಡಿಗೆ 30 ಮೀಟರಿನ ಹತ್ತಿರ ಓಡುತ್ತಿರುವಾಗ ಪ್ಯಾರಾಶೂಟ್ ಎಳೆಯುತ್ತದೆ. ಮೂತಿಯನ್ನೂ ಪ್ಯಾರಾಶೂಟನ್ನೂ ಟ್ಯೂಬಿಗೆ ಕಟ್ಟಿದ ಹಗ್ಗ, ಅಂದರೆ ಶಾಕ್ ಕಾರ್ಡ್, ಚಾಕುವಿನ ಹಾಗೆ ಟ್ಯೂಬನ್ನು ಉದ್ದಕ್ಕೆ ಸೀಳುತ್ತದೆ. ತಯಾರಕರ ಉಪಕರಣದಲ್ಲಿ ತಡವನ್ನು ಕಡಿಮೆ ಮಾಡಬಹುದು, ಸೇರಿಸಲು ಆಗದು. ಶಾಕ್ ಕಾರ್ಡ್ ರಾಕೆಟ್ಟಿನ ಮೂರರಿಂದ ಐದು ಪಟ್ಟು ಉದ್ದವಿರಲಿ. ಗಿಡ್ಡವಾದರೆ ಮೂತಿ ಬಂದು ಟ್ಯೂಬಿಗೇ ಹೊಡೆಯುತ್ತದೆ.

ಪ್ಯಾರಾಶೂಟನ್ನು ಹಾರಿಸುವ ಬೆಳಗ್ಗೆಯೇ ಮಡಚಿ. ವಾರದ ಹಿಂದೆ ಮಡಚಿಟ್ಟದ್ದು ಆ ಆಕಾರದಲ್ಲೇ ನಿಂತುಬಿಡುತ್ತದೆ. ಟಾಲ್ಕಮ್ ಪೌಡರ್ ಉದುರಿಸಿ, ಬೆಂಕಿ ತಡೆಯುವ ನೊಮೆಕ್ಸ್ ಬಟ್ಟೆಯಲ್ಲಿ ಸುತ್ತಿ. ರಾಕೆಟ್ಟನ್ನು ತಲೆಕೆಳಗೆ ಹಿಡಿದರೆ ಮೂತಿ ತಾನಾಗಿ ಬೀಳಬಾರದು, ಮೆಲ್ಲಗೆ ಜಾಡಿಸಿದರೆ ಬರಬೇಕು. ಸಡಿಲವಿದ್ದರೆ ಒಂದು ಸುತ್ತು ಮಾಸ್ಕಿಂಗ್ ಟೇಪ್. ಬಿಗಿಯಿದ್ದರೆ ಮರಳು ಕಾಗದ. ಮೋಟಾರನ್ನು ತಿರುಪಿನ ರಿಟೇನರಿನಲ್ಲಿ ಹಿಡಿಸಿ. ಬರೀ ಟೇಪಿನ ಬಿಗಿಯಲ್ಲಿ ನಿಂತ ಮೋಟಾರ್ ಹಿಂದಕ್ಕೆ ಚಿಮ್ಮುತ್ತದೆ: ಪ್ಯಾರಾಶೂಟ್ ಒಳಗೇ ಉಳಿಯುತ್ತದೆ, ಬಿಸಿ ಕೊಳವೆ ಒಣ ಕೂಳೆಯ ಮೇಲೆ ಬೀಳುತ್ತದೆ.

ಎತ್ತರ ನೋಡಿ ಪ್ಯಾರಾಶೂಟ್ ಬಿಚ್ಚಿಸುವ ಆಲ್ಟಿಮೀಟರ್ ಗಾಳಿಯ ಒತ್ತಡ ಅಳೆದು ಕೆಲಸ ಮಾಡುವುದರಿಂದ ಅದರ ಗೂಡಿಗೆ ರಂಧ್ರ ಬೇಕು. 66 ಮಿ.ಮೀ. ವ್ಯಾಸ, 20 ಸೆಂ.ಮೀ. ಉದ್ದದ ಗೂಡಿಗೆ ಸುತ್ತಲೂ ಸಮದೂರದಲ್ಲಿ 2 ಮಿ.ಮೀ.ನ ನಾಲ್ಕು ರಂಧ್ರ ಸಾಕು. ಅಂಚು ನಯವಾಗಿರಲಿ, ಮುಂದೆ ಬಟನ್ನಾಗಲಿ ಉಬ್ಬಾಗಲಿ ಇರದಿರಲಿ. 9 ವೋಲ್ಟ್ ಬ್ಯಾಟರಿಯ ಕ್ಲಿಪ್ಪು ಹೊರಡುವ ಜರ್ಕಿಗೆ ಕಳಚಿಕೊಳ್ಳುತ್ತದೆ. ಬ್ಯಾಟರಿ, ಕ್ಲಿಪ್ಪು ಎರಡನ್ನೂ ಸೇರಿಸಿ ಜಿಪ್ ಟೈ ಬಿಗಿಯಿರಿ.

ಪ್ಯಾಡ್ ಮತ್ತು ವೈರ್

ಎಚ್, ಐ, ಜೆ ಮೋಟಾರಿಗೆ ಜನ ಕನಿಷ್ಠ 30 ಮೀಟರ್ ದೂರ. ಹಲವು ಮೋಟಾರ್ ಅಥವಾ ಹಲವು ಹಂತದ ರಾಕೆಟ್ಟಿಗೆ 60. ಕೆ ವರ್ಗಕ್ಕೆ 60 ಮತ್ತು 90. ಪ್ಯಾಡ್ ಸುತ್ತ 15 ಮೀಟರ್ ವ್ಯಾಸದಲ್ಲಿ ಕೂಳೆ, ಹುಲ್ಲು ಕೆತ್ತಿ ಮಣ್ಣು ಕಾಣುವಂತೆ ಮಾಡಿ. ಕೆ ವರ್ಗಕ್ಕೆ 23 ಮೀಟರ್. ಜ್ವಾಲೆ ತಡೆಯಲು ಕಬ್ಬಿಣದ ತಗಡು. ಬೆಂಕಿಗೆ ಅತಿ ಉಪಯುಕ್ತವಾದದ್ದು ಊರಲ್ಲೇ ಸಿಗುತ್ತದೆ: ಬೆನ್ನಿಗೆ ಹಾಕುವ 16 ಲೀಟರಿನ ಔಷಧಿ ಪಂಪು. ಎರಡು ತನ್ನಿ, ಚೆನ್ನಾಗಿ ತೊಳೆದು ನೀರು ತುಂಬಿ, ಜೊತೆಗೆ ನೆನೆಸಿದ ನಾಲ್ಕು ಗೋಣಿಚೀಲ. ಕಳೆನಾಶಕ ಹೊಡೆದ ಪಂಪು ಬೇಡ. ಕಿಡಿ ಸೂಸುವ ಟೈಟಾನಿಯಂ ಮೋಟಾರ್ ಬೇಸಿಗೆಯಲ್ಲಿ ಬೇಡವೇ ಬೇಡ. ಹುಲ್ಲಿನ ಮೆದೆ ಇರುವ ಕಡೆ ಗಾಳಿ ಬೀಸುತ್ತಿದ್ದರೆ ಕಾಯಿರಿ.

ಮೋಟಾರಿಗೆ ಬೆಂಕಿ ಹೊತ್ತಿಸುವ ಇಗ್ನೈಟರ್ ಹತ್ತದೆ ಹೋಗಲು ದೊಡ್ಡ ಕಾರಣ ಸಪೂರ ವೈರ್. 60 ಮೀಟರ್ ದೂರಕ್ಕೆ ಹೋಗಿಬರುವ 120 ಮೀಟರ್ ತಾಮ್ರ, 0.75 ಸ್ಕ್ವೇರ್ ಎಂಎಂ ಆದರೆ ತಂತಿಯ ರೋಧವೇ 2.75 ಓಮ್. ಒಂದು ಓಮಿನ ಇಗ್ನೈಟರಿಗೆ 12 ವೋಲ್ಟ್ ಬ್ಯಾಟರಿಯಿಂದ ಮೂರು ಆಂಪಿಯರ್ ಚಿಲ್ಲರೆ ಸಿಗುತ್ತದೆ. 2.5 ಸ್ಕ್ವೇರ್ ಎಂಎಂ ವೈರಿಗೆ ಆರೂವರೆ. ಇದಕ್ಕಿಂತ ಒಳ್ಳೆಯ ಉಪಾಯ: ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯನ್ನೂ ರಿಲೇಯನ್ನೂ ಪ್ಯಾಡ್ ಬಳಿ ಇಟ್ಟು, ಉದ್ದನೆಯ ವೈರಿನಲ್ಲಿ ರಿಲೇಯ ಸಂಕೇತ ಮಾತ್ರ ಕಳುಹಿಸುವುದು. ಗುಂಡಿಯಿಂದ ಕೈ ತೆಗೆದರೆ ತಾನೇ ಆಫ್ ಆಗಬೇಕು. ಕೀಲಿ ತೆಗೆದರೆ ಇಡೀ ಸರ್ಕ್ಯೂಟ್ ಸಾಯಬೇಕು. ಸರ್ಕ್ಯೂಟ್ ಕೂಡಿದೆಯೇ ಎಂದು ತೋರಿಸುವ ದೀಪದ ಕರೆಂಟಿಗೇ ಇಗ್ನೈಟರ್ ಹತ್ತದಂತೆ ಅದು ಕೆಲವೇ ಮಿಲಿಆಂಪಿಯರ್ ಇರಲಿ.

ಪ್ಯಾಡಿನಲ್ಲಿ ಕೆಲಸದ ಕ್ರಮ ತಪ್ಪುವಂತಿಲ್ಲ. ಕೀಲಿ ನಿಮ್ಮ ಜೇಬಿನಲ್ಲಿರಲಿ. ರಾಕೆಟ್ ರೈಲಿಗೆ ಏರಲಿ, ರೈಲ್ ನೆಟ್ಟಗಾಗಲಿ. ಆಮೇಲೆ ಆಲ್ಟಿಮೀಟರ್ ಆನ್ ಮಾಡಿ ಬೀಪ್ ಎಣಿಸಿ. ಇಗ್ನೈಟರ್ ಕೊನೆಗೆ, ಮುಖ ಆಚೆ ತಿರುಗಿಸಿಕೊಂಡು. ಮಲಗಿಸಿದ ರಾಕೆಟ್ಟಿಗೆ ಇಗ್ನೈಟರ್ ಹಾಕಿದರೆ, ಎತ್ತುವಾಗ ಅದು ಜನರ ಕಡೆ ಗುರಿ ಹಿಡಿದಂತಾಗುತ್ತದೆ. ಇಗ್ನೈಟರ್ ಮೋಟಾರಿನ ರಂಧ್ರದ ಮೇಲ್ತುದಿ ಮುಟ್ಟುವ ತನಕ ಹೋಗಬೇಕು. ಕೆಳಗೆ ಜಾರಿದರೆ ಮೋಟಾರ್ ಗುಸುಗುಟ್ಟಿ ಆರುತ್ತದೆ, ಇಲ್ಲವೇ ಅರೆಬಲದಲ್ಲಿ ರೈಲ್ ಬಿಟ್ಟು ಅಡ್ಡ ಬೀಳುತ್ತದೆ. ಮನೆಯಲ್ಲೇ ಉದ್ದ ಅಳೆದು ವೈರ್ ಮೇಲೆ ಗುರುತು ಹಾಕಿಕೊಳ್ಳಿ. ಕ್ಲಿಪ್ಪುಗಳನ್ನು ಮರಳು ಕಾಗದದಲ್ಲಿ ಉಜ್ಜಿ, ಒಂದಕ್ಕೊಂದು ತಾಗಿಸಿ ಕಿಡಿ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸಿಕ್ಕಿಸಿ.

ಎಣಿಕೆಗೆ ಮೊದಲು ಆಕಾಶ, ರಸ್ತೆ, ಹೊಲ ಮೂರನ್ನೂ ನೋಡಿ. ಮೈಕಿನಲ್ಲಿ ಕನ್ನಡದಲ್ಲೇ ಹೇಳಿ: "ಎಲ್ಲರೂ ಎದ್ದು ನಿಂತ್ಕೊಳ್ಳಿ, ಮೇಲೆ ನೋಡಿ, ಯಾರೂ ಓಡಬೇಡಿ." ಊರಿನ ಮಕ್ಕಳು ಬೀಳುವ ರಾಕೆಟ್ಟಿನ ಕಡೆಗೇ ಓಡುತ್ತಾರೆ, ಹಗ್ಗ ಕಟ್ಟಿ, ಮಕ್ಕಳ ಪಕ್ಕದಲ್ಲೇ ಇಬ್ಬರನ್ನು ನಿಲ್ಲಿಸಿ. ದನ ಕಟ್ಟಿದವರಿಗೆ ಮುಂಚೆ ತಿಳಿಸಿ. ಐದರಿಂದ ಎಣಿಸಿ ಗುಂಡಿ ಒತ್ತಿ. ಹತ್ತದಿದ್ದರೆ ಕೀಲಿ ತೆಗೆಯಿರಿ, ಪೂರ್ತಿ 60 ಸೆಕೆಂಡ್ ಕಾಯಿರಿ, ನಂತರ ಒಬ್ಬರೇ ಹೋಗಿ. ಮೊದಲು ಇಗ್ನೈಟರ್ ತೆಗೆಯಿರಿ, ಆಮೇಲೆ ಆಲ್ಟಿಮೀಟರ್ ಆಫ್ ಮಾಡಿ, ಕೊನೆಗೆ ರೈಲ್ ಇಳಿಸಿ.

ಹುಡುಕುವಾಗ

ರಾಕೆಟ್ ಕಣ್ಮರೆಯಾದ ದಿಕ್ಕನ್ನು 100 ಮೀಟರ್ ಅಂತರದಲ್ಲಿ ನಿಂತ ಇಬ್ಬರು ಫೋನಿನ ಕಂಪಾಸಿನಲ್ಲಿ ಹಿಡಿಯಲಿ, ಆ ಗೆರೆಯಲ್ಲಿ ಕಾಣುವ ತೆಂಗಿನಮರವೋ ಪಂಪ್‌ಸೆಟ್ ಮನೆಯೋ ಗುರುತಿಟ್ಟುಕೊಳ್ಳಲಿ. ಎರಡು ಗೆರೆ ಕೂಡುವ ಜಾಗದಿಂದ ಹುಡುಕಾಟ ಶುರು. ಜೋರಾಗಿ ಕೂಗುವ ಬೀಪರ್ ಒಂದನ್ನು ಶಾಕ್ ಕಾರ್ಡಿಗೆ ಕಟ್ಟಿದ್ದರೆ ಅರ್ಧ ಕೆಲಸ ಮುಗಿದಂತೆ. ಕಬ್ಬಿನೊಳಗೆ ಒಬ್ಬರೇ ನುಗ್ಗಬೇಡಿ: ನಮ್ಮ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತದೆ, ಹಾವಂತೂ ಇದ್ದೇ ಇರುತ್ತದೆ. ಗದ್ದೆಯವರನ್ನು ಕರೆದುಕೊಂಡು, ಬೂಟು ಹಾಕಿ, ಸದ್ದು ಮಾಡುತ್ತ ಹೋಗಿ. ವಿದ್ಯುತ್ ತಂತಿಗೆ ಸಿಕ್ಕಿದ ರಾಕೆಟ್ಟನ್ನು ಗಳುವಿನಿಂದ ಎಳೆಯಬೇಡಿ, ಪ್ಯಾರಾಶೂಟ್ ದಾರವನ್ನೂ ಮುಟ್ಟಬೇಡಿ. 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿ ಸೆಸ್ಕ್‌ನವರು ಬರುವ ತನಕ ಜನರನ್ನು ದೂರ ನಿಲ್ಲಿಸಿ.

ಸಿಕ್ಕಿದ ಕೂಡಲೇ ಎತ್ತಬೇಡಿ. ಬಿಚ್ಚದ ಪ್ಯಾರಾಶೂಟ್ ಇದೆ ಎಂದರೆ ಅದನ್ನು ಹೊರದಬ್ಬಬೇಕಿದ್ದ ಉರಿಯದ ಮದ್ದೂ ಇದೆ ಎಂದೇ ಎಣಿಸಿ, ಟ್ಯೂಬಿನ ಬಾಯಿಗೆ ಎದುರಾಗದೆ ಪಕ್ಕದಿಂದ ಸ್ವಿಚ್ ಆಫ್ ಮಾಡಿ. ಮೋಟಾರಿನ ಕೊಳವೆ ತಣ್ಣಗಾಗಲು ಬಿಡಿ.

ಹೊರಡುವ ಮುನ್ನ ಪ್ಯಾಡ್ ಸುತ್ತ ಮಣ್ಣು ಕೆದಕಿ, ಹೊಗೆಯಾಡುವ ಕೂಳೆಗೆ ನೀರು ಹೊಡೆಯಿರಿ. ಇಗ್ನೈಟರ್ ವೈರಿನ ತುಂಡು, ಕತ್ತರಿಸಿದ ಜಿಪ್ ಟೈ, ಟೇಪು ಒಂದೊಂದನ್ನೂ ಬಾಗಿ ಹೆಕ್ಕಿ ಡಬ್ಬಿಗೆ ಹಾಕಿ. ಸಂಜೆ ಆ ಹೊಲದಲ್ಲಿ ದನ ಮೇಯುತ್ತವೆ. ಹುಲ್ಲಿನ ಜೊತೆ ಹೊಟ್ಟೆ ಸೇರಿದ ತಂತಿ ಹಸುವಿನ ಜಠರ, ಹೃದಯ ಚುಚ್ಚಬಹುದು.